ಅಪ್ಪ ತೀರಿಕೊಂಡ ಮೇಲೆ ನಾನು ಯಾರು ಅಂತಲೇ ಗೊತ್ತಾಗುತ್ತಿಲ್ಲ, ನಡುವೆ ನಗುವೂ ಬರುತ್ತದೆ, ಇದು ಸಹಜವೇ?

ಸಹಜವೇ. ಹನ್ನೊಂದನೇ ದಿನದ ಊಟ ಮುಗಿಯುವ ಹೊತ್ತಿಗೇ ನೆಂಟರು "ಇನ್ಮೇಲೆ ಎಲ್ಲಾ ನೀನೇ ನೋಡ್ಕೋಬೇಕಪ್ಪಾ" ಅಂದುಬಿಡುತ್ತಾರೆ, ಬ್ಯಾಂಕಿನ ಫಾರಂ, ಗ್ಯಾಸ್ ಕನೆಕ್ಷನ್, ಖಾತೆ ಬದಲಾವಣೆ ಎಲ್ಲಕ್ಕೂ ನಿಮ್ಮದೇ ಸಹಿ ಬೇಕಾಗುತ್ತದೆ, ಆದರೆ ಒಳಗೆ ನೀವಿನ್ನೂ ಮಗನಾಗಿಯೇ ಇರುತ್ತೀರಿ. ಗೊಂದಲ ಆಗೇ ಆಗುತ್ತದೆ, ಅಲ್ವಾ?

ದುಃಖಕ್ಕೆ ಐದು ಹಂತ ಅಂತ ಓದಿದ್ದರೆ ಅದನ್ನು ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ. ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರವಿದ್ದ ರೋಗಿಗಳ ಜೊತೆ ಮಾತಾಡಿ, ಮುಖ್ಯವಾಗಿ ತಮ್ಮವರನ್ನು ಕಳೆದುಕೊಂಡವರನ್ನು ನೋಡಿ ಅಲ್ಲ. ನನಗೆ ಹೆಚ್ಚು ನಿಜ ಅನ್ನಿಸುವುದು 1999ರಲ್ಲಿ ಸ್ಟ್ರೋಬೆ ಮತ್ತು ಶುಟ್ ಎಂಬ ಸಂಶೋಧಕರು ಹೇಳಿದ್ದು: ಮನಸ್ಸು ನೋವಿಗೂ ಹೊಸ ಬದುಕಿನ ಕೆಲಸಗಳಿಗೂ ಮಧ್ಯೆ ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಬೆಳಿಗ್ಗೆ ಅಪ್ಪನ ಕನ್ನಡಕದ ಡಬ್ಬಿ ನೋಡಿ ಅತ್ತು, ಸಂಜೆ ಗೆಳೆಯರ ಜೊತೆ ನಕ್ಕರೆ ನೀವು ಕಲ್ಲುಮನಸ್ಸಿನವರಲ್ಲ. ಎರಡೂ ನೀವೇ. ಅಪ್ಪನ ಥರವೇ ಆಗಬೇಕು ಅಂತಲೂ ಇಲ್ಲ. ಕೆಲವು ತೀರ್ಮಾನ ನಿಮ್ಮ ರೀತಿಯಲ್ಲಿ ಮಾಡಿ, ಉಳಿದದ್ದು ಸದ್ಯಕ್ಕೆ ಹಾಗೇ ಇರಲಿ.

ಊಟ, ನಿದ್ದೆ, ಕೆಲಸ ಯಾವುದೂ ಸರಿಹೋಗದೆ ತಿಂಗಳುಗಟ್ಟಲೆ ಎಳೆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನಿಸಿದರಂತೂ ಕಾಯಬೇಡಿ, ಆಗಲೇ ಮಾಡಿ.