ಎಲ್ಲರ ಟೀಮಕ್ಸ್ ಒಂದೇ ಥರ ಮಾಡೋಕೆ ಹೋಗಿ ಅಕ್ಕಾರ ಎರಡು ದಿನದ ಕೆಲಸ ಕಳೆದೆ

ನಲವತ್ತು ಜನ ಹಂಚಿಕೊಂಡಿರೋ ಸರ್ವರ್, ಎಲ್ಲರ ಟೀಮಕ್ಸೂ ಒಂದೇ ಥರ ಇರಬೇಕು, ಇಟಿಸಿ ಫೈಲ್‌ನಲ್ಲಿ (ಇಡೀ ಮಷಿನ್‌ಗೆ ಅನ್ವಯಿಸೋ ಸೆಟ್ಟಿಂಗ್ ಜಾಗ) ಬರೆಯಲಾ, ಒಬ್ಬೊಬ್ಬರ ಹೋಮ್‌ಗೆ (ಅವರವರ ಸ್ವಂತ ಡೈರೆಕ್ಟರಿ) ಹಾಕಲಾ, ಇಲ್ಲ ಸ್ಕ್ರೀನ್‌ಗೇ ವಾಪಸ್ ಹೋಗಲಾ ಅಂತ ಕೇಳಿದ್ದೀರಿ. ಟೀಮಕ್ಸ್, ಅದಕ್ಕಿಂತ ಹಳೇ ಸ್ಕ್ರೀನ್, ಎರಡೂ ಒಂದೇ ಕೆಲಸದ್ದು: ನೀವು ಟರ್ಮಿನಲ್ ಮುಚ್ಚಿ ಹೋದರೂ ಒಳಗೆ ಹಚ್ಚಿದ ಕೆಲಸ ಓಡ್ತಾ ಇರೋ ಹಾಗೆ ನೋಡ್ಕೊಳ್ಳೋ ಪ್ರೋಗ್ರಾಂ. ಓದ್ತಾ ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು. 2019ರ ಸೆಪ್ಟೆಂಬರ್‌ನಲ್ಲಿ ನಾನು ಇದನ್ನೇ ಹಿಡಿದು ಕೂತಿದ್ದೆ.

ಆಗ ನಾನು ಪುಣೆ ಹತ್ತಿರ ಚಾಕಣ ಕಡೆಯ ಒಂದು ಕಂಪನಿಯಲ್ಲಿ ಲಿನಕ್ಸ್ ಸರ್ವರ್‌ಗಳನ್ನ ನೋಡ್ಕೋತಿದ್ದೆ. ಗಾಡಿ ಬಿಡಿಭಾಗಗಳ ಡಿಸೈನ್ ಮಾಡೋ ಎಂಜಿನಿಯರ್‌ಗಳು ಮೂವತ್ತೆಂಟು ಜನ, ದೊಡ್ಡ ಸರ್ವರ್ ಒಂದೇ. ಅದರ ಮೇಲೆ ಓಡ್ತಿದ್ದದ್ದು ಸೆಂಟೋಸ್ 7 ಅನ್ನೋ ಲಿನಕ್ಸ್. ಅದರ ಜೊತೆ ಬರೋ ಟೀಮಕ್ಸ್ 1.8 ತೀರಾ ಹಳೇದು. ಅದರಲ್ಲಿ ಮೌಸ್ ಹಾಕೋಕೆ ಮೂರ್ನಾಲ್ಕು ಬೇರೆ ಬೇರೆ ಆಯ್ಕೆ ಬರೀಬೇಕಿತ್ತು, 2.1ರಲ್ಲಿ ಅವೆಲ್ಲ ಸೇರಿ 'ಮೌಸ್ ಆನ್' ಅನ್ನೋ ಒಂದೇ ಸಾಲಾಯ್ತು. ಅದಕ್ಕೇ ನಾನು ಸೋರ್ಸ್ ಇಳಿಸ್ಕೊಂಡು 2.9 ಆವೃತ್ತಿಯನ್ನ ಕೈಯಾರೆ ಕಂಪೈಲ್ ಮಾಡಿ (ಕೋಡ್‌ನಿಂದ ಓಡೋ ಪ್ರೋಗ್ರಾಂ ಕಟ್ಟಿ) ಹಾಕಿದ್ದೆ. ಕಥೆಯಲ್ಲಿ ಈ ವಿಷಯ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ನನಗೆ ಸ್ಕ್ರೀನ್‌ನ ಹಳೇ ಅಭ್ಯಾಸ. ಸ್ಕ್ರೀನ್ 1987ರದ್ದು, ಅದರ ಪ್ರಿಫಿಕ್ಸ್ (ಪ್ರತಿ ಆಜ್ಞೆಗೂ ಮೊದಲು ಒತ್ತೋ ಕೀ) ಕಂಟ್ರೋಲ್-ಎ. ಟೀಮಕ್ಸ್ 2007ರದ್ದು, ಅದು ಹುಟ್ಟಿದಾಗಿಂದ ಕಂಟ್ರೋಲ್-ಬಿ. ನನ್ನ ಬೆರಳಿಗೆ ಕಂಟ್ರೋಲ್-ಬಿ ಯಾವತ್ತೂ ಒಗ್ಗಲಿಲ್ಲ. ಅದು ನನ್ನ ಬೆರಳಿನ ತೊಂದರೆ, ನನ್ನ ಹೋಮ್ ಫೈಲ್‌ನಲ್ಲಿ ಎರಡು ಸಾಲು ಬರ್ಕೊಂಡಿದ್ರೆ ಮುಗೀತಿತ್ತು. ಆದರೆ ಯಾರಿಗಾದರೂ ಸಹಾಯ ಮಾಡೋಕೆ ಅವರ ಸೀಟಿಗೆ ಹೋದರೆ ಅಲ್ಲಿ ನನ್ನ ಕೀ ನಡೀತಿರಲಿಲ್ಲ. 'ಸ್ಟ್ಯಾಂಡರ್ಡ್ ಮಾಡೋಣ' ಅನ್ನೋ ಹುಳ ತಲೆಗೆ ಹೊಕ್ಕಿದ್ದು ಅಲ್ಲಿ. ಈ 'ಸ್ಟ್ಯಾಂಡರ್ಡ್' ಅನ್ನೋ ಮಾತಿನ ಹಿಂದೆ ಹತ್ತರಲ್ಲಿ ಒಂಬತ್ತು ಸಲ ಅಡ್ಮಿನ್ ಒಬ್ಬನ ಸ್ವಂತ ರುಚಿ ಇರುತ್ತೆ. ನಿಮ್ಮ ಪ್ರಶ್ನೆಯಲ್ಲೂ ಅದರ ವಾಸನೆ ಬರ್ತಿದೆ, ಬೇಜಾರು ಮಾಡ್ಕೋಬೇಡಿ.

ಸೆಪ್ಟೆಂಬರ್ 12, ಗುರುವಾರ, ಅನಂತ ಚತುರ್ದಶಿ. ಗಣಪತಿ ಕಳಿಸೋ ದಿನ ಪುಣೆಯಲ್ಲಿ ಯಾರೂ ಕೆಲಸದ ಮಾತೆತ್ತಲ್ಲ. ಚಿಂಚವಡದ ನಮ್ಮ ಗಲ್ಲಿಯಲ್ಲಿ ಸಂಜೆಯಿಂದ ಢೋಲ್-ತಾಶಾ, ಕಿಟಕಿ ಗಾಜು ಗಡಗಡ ಅಂತಿತ್ತು. ನಿದ್ದೆಯಂತೂ ಬರಲ್ಲ, ಸರ್ವರ್ ಖಾಲಿ ಇರುತ್ತೆ, ಇದೇ ಸಮಯ ಅಂತ ರಾತ್ರಿ ಹನ್ನೊಂದರ ಹೊತ್ತಿಗೆ ವಿಪಿಎನ್ ಹಾಕ್ಕೊಂಡು ಕೂತೆ. ಇಟಿಸಿ ಡೈರೆಕ್ಟರಿಯಲ್ಲಿ ಟೀಮಕ್ಸ್ ಡಾಟ್ ಕಾನ್ಫ್ ಬರೆದೆ. ಪ್ರಿಫಿಕ್ಸ್ ಕಂಟ್ರೋಲ್-ಎ, ಮೌಸ್ ಆನ್, ಹಿಸ್ಟರಿ-ಲಿಮಿಟ್ (ಹಿಂದಕ್ಕೆ ಸರಿಸಿ ನೋಡಬಹುದಾದ ಸಾಲುಗಳ ಮಿತಿ) ಐವತ್ತು ಸಾವಿರ, ಕೆಳಗಿನ ಪಟ್ಟಿಗೆ ನನಗಿಷ್ಟವಾದ ನೀಲಿ ಬಣ್ಣ. ಆಗಲೇ ತೆರೆದಿದ್ದ ನನ್ನ ಟೀಮಕ್ಸ್‌ನಲ್ಲಿ ಹೊಸ ವಿಂಡೋ ತೆಗೆದು ಕಂಟ್ರೋಲ್-ಎ ಒತ್ತಿದೆ. ಕರ್ಸರ್ ಸುಮ್ಮನೆ ಸಾಲಿನ ಆರಂಭಕ್ಕೆ ಹೋಯ್ತು. ಏನೂ ಬದಲಾಗಿಲ್ಲ.

ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ. ನೀವು ಮೊದಲ ಸಲ ಟೀಮಕ್ಸ್ ಅಂತ ಹೊಡೆದಾಗ ಹುಟ್ಟೋದು ಎರಡು ಪ್ರೋಸೆಸ್ (ಓಡ್ತಿರೋ ಪ್ರೋಗ್ರಾಂ). ಕಣ್ಣಿಗೆ ಕಾಣೋದು ಕ್ಲೈಂಟ್. ಹಿಂದೆ ಅಡಗಿ ಕೂತು ಎಲ್ಲ ವಿಂಡೋಗಳನ್ನ ಹಿಡ್ಕೊಂಡಿರೋದು ಅದರ ಸರ್ವರ್ (ಮಷಿನ್ ಅಲ್ಲ, ಟೀಮಕ್ಸ್‌ನದೇ ಪ್ರೋಸೆಸ್). ಒಬ್ಬೊಬ್ಬ ಬಳಕೆದಾರನಿಗೂ ಅವನದೇ ಒಂದು. ಕಾನ್ಫಿಗ್ ಫೈಲ್ ಓದೋದು ಈ ಸರ್ವರ್ ಹುಟ್ಟೋವಾಗ ಮಾತ್ರ, ಒಂದೇ ಸಲ. ಆಮೇಲೆ ಹೊಸ ವಿಂಡೋ ತೆಗೀರಿ, ಹೊಸ ಸೆಷನ್ ತೆಗೀರಿ, ಲಾಗೌಟ್ ಆಗಿ ಬನ್ನಿ, ಅದು ಫೈಲ್ ಕಡೆ ತಿರುಗಿಯೂ ನೋಡಲ್ಲ. ಇದು ನನಗೆ ಗೊತ್ತಿತ್ತು. ಅರ್ಧ ಗೊತ್ತಿತ್ತು ಅನ್ನೋದೇ ಮುಳುವಾಯ್ತು. 'ಓಹೋ, ಹಳೇ ಸರ್ವರ್‌ಗಳು ಓಡ್ತಿವೆ, ಅವು ಸತ್ತು ಹುಟ್ಟಬೇಕು' ಅಂದ್ಕೊಂಡೆ. ನನ್ನದೊಂದನ್ನ ಕೊಂದು ನೋಡಿದ್ರೆ ಸಾಕಿತ್ತು. ಆದರೆ ನಾಳೆ ಬೆಳಗ್ಗೆ ಮೂವತ್ತೆಂಟು ಜನ ಒಬ್ಬೊಬ್ಬರಾಗಿ 'ನನಗೆ ಬಂದಿಲ್ಲ, ಅವನಿಗೆ ಬಂದಿದೆ' ಅಂತ ಬರೋದು ಬೇಡ, ಎಲ್ಲರದ್ದೂ ಈಗಲೇ ಹೊಸದಾಗಲಿ ಅನ್ನಿಸ್ತು.

ಎಚ್ಚರಿಕೆ ಇರಲಿಲ್ಲ ಅಂತಲ್ಲ. 'ಹೂ' ಕಮಾಂಡ್ ಹೊಡೆದೆ, ಯಾರ್ಯಾರು ಲಾಗಿನ್ ಆಗಿದ್ದಾರೆ ಅಂತ ನೋಡೋಕೆ. ಬಂದಿದ್ದು ಒಂದೇ ಸಾಲು, ನನ್ನದೇ. ಊರೆಲ್ಲ ಮೆರವಣಿಗೆಯಲ್ಲಿದೆ, ಸರ್ವರ್‌ನಲ್ಲಿ ನಾನೊಬ್ಬನೇ. ರೂಟ್ (ಎಲ್ಲ ಅಧಿಕಾರ ಇರೋ ಖಾತೆ) ಆಗಿ 'ಪಿಕಿಲ್ ಟೀಮಕ್ಸ್' ಅಂತ, ಅಂದ್ರೆ ಟೀಮಕ್ಸ್ ಹೆಸರಿನ ಪ್ರೋಸೆಸ್‌ಗಳನ್ನೆಲ್ಲ ಕೊಲ್ಲು ಅಂತ, ಹೊಡೆದು ಎಂಟರ್ ಒತ್ತಿದೆ.

ತಪ್ಪು ಇದೇ. ಇದನ್ನ ಎಷ್ಟು ಸಲ ವಿವರಿಸಿದ್ರೂ ನನಗೆ ಸಾಲದು, ಸಹಿಸ್ಕೊಳ್ಳಿ. 'ಹೂ' ತೋರಿಸೋದು ಲಾಗಿನ್ ದಾಖಲೆಯಲ್ಲಿ ಇರೋರನ್ನ. ಡಿಟ್ಯಾಚ್ ಮಾಡಿ (ಟೀಮಕ್ಸ್ ಓಡೋಕೆ ಬಿಟ್ಟು ಹೊರಬಂದು) ಮನೆಗೆ ಹೋದವರ ಎಸ್‌ಎಸ್‌ಎಚ್ ಸಂಪರ್ಕ ಮುಗಿದಿರುತ್ತೆ, ಹಾಗಾಗಿ ಹೆಸರು ಅಲ್ಲಿರಲ್ಲ. ಟೀಮಕ್ಸ್ ತನ್ನ ಪೇನ್‌ಗಳನ್ನೂ (ವಿಂಡೋದ ಭಾಗಗಳನ್ನೂ) ಆ ದಾಖಲೆಗೆ ಸೇರಿಸಬೇಕಂದ್ರೆ ಯುಟೆಂಪ್ಟರ್ ಅನ್ನೋ ಲೈಬ್ರರಿ ಜೊತೆ ಕಂಪೈಲ್ ಮಾಡಿರಬೇಕು; ನಾನು ಮಾಡಿರಲಿಲ್ಲ. ಆದರೆ ಲೈಬ್ರರಿ ಮೇಲೆ ಹಾಕೋಕಾಗಲ್ಲ. ಟೀಮಕ್ಸ್ ಇರೋದೇ ಮನುಷ್ಯ ಇಲ್ಲದಾಗಲೂ ಕೆಲಸ ನಡೀಲಿ ಅಂತ. ರಜೆ ದಿನ ಸರ್ವರ್‌ನಲ್ಲಿ ಯಾರೂ ಇಲ್ಲ ಅಂದ್ರೆ, ಎಲ್ಲರೂ ಉದ್ದುದ್ದ ರನ್ ಬಿಟ್ಟು ಹೋಗಿದ್ದಾರೆ ಅಂತಲೇ ಅರ್ಥ. ಖಾಲಿ ಕಂಡ ದಿನವೇ ಅದು ತುಂಬಿರೋ ದಿನ. ಓಡ್ತಿರೋ ಪ್ರೋಸೆಸ್‌ಗಳನ್ನ ತೋರಿಸೋ 'ಪಿಎಸ್' ಹೊಡೆದಿದ್ರೆ, ಇಲ್ಲ 'ಟಾಪ್' ತೆಗೆದಿದ್ರೆ, ಮೂವತ್ತೆರಡು ಕೋರ್ ನೂರಕ್ಕೆ ನೂರು ಉರೀತಿರೋದು ಒಂದು ಸೆಕೆಂಡಿನಲ್ಲಿ ಕಾಣ್ತಿತ್ತು. ನಾನು ಮನುಷ್ಯರನ್ನ ಹುಡುಕಿದೆ, ಕೆಲಸವನ್ನ ಹುಡುಕಲಿಲ್ಲ.

ಪಿಕಿಲ್ ಟೀಮಕ್ಸ್ ಸರ್ವರ್‌ಗೆ ಟರ್ಮಿನೇಟ್ ಸಿಗ್ನಲ್ ಕಳಿಸುತ್ತೆ. ಅದು ಮರ್ಯಾದೆಯಿಂದ ಎಲ್ಲ ಸೆಷನ್ ಮುಚ್ಚುತ್ತೆ. ಪ್ರತಿ ಪೇನ್ ಹಿಂದಿರೋ ಹುಸಿ ಟರ್ಮಿನಲ್ ಮುಚ್ಚಿಕೊಂಡಾಗ ಒಳಗಿನ ಶೆಲ್‌ಗೆ, ಅಂದ್ರೆ ನಾವು ಹೊಡೆಯೋ ಆಜ್ಞೆ ನಡೆಸೋ ಬ್ಯಾಶ್‌ಗೆ, ಹ್ಯಾಂಗಪ್ ಸಿಗ್ನಲ್ ಹೋಗುತ್ತೆ (ಮೋಡೆಮ್ ಕಾಲದಲ್ಲಿ ಫೋನ್ ಇಟ್ಟಾಗ ಹೋಗ್ತಿದ್ದ ಸಿಗ್ನಲ್, ಹೆಸರು ಅಲ್ಲಿಂದಲೇ ಬಂದಿದ್ದು). ಬ್ಯಾಶ್ ತಾನು ಸಾಯೋ ಮುಂಚೆ ಆ ಸುದ್ದಿಯನ್ನ ತನ್ನ ಜಾಬ್‌ಗಳಿಗೆಲ್ಲ ಮುಟ್ಟಿಸುತ್ತೆ. ಅವೂ ಸಾಯ್ತವೆ. ಹ್ಯಾಂಗಪ್ ಕಡೆಗಣಿಸೋ ಹಾಗೆ ಮಾಡೋ ನೋಹಪ್ ಹಾಕಿ ಬಿಟ್ಟಿದ್ರೆ ಉಳೀತವೆ, ಆದರೆ ಟೀಮಕ್ಸ್ ಇದೆ ಅಂತ ಯಾರು ನೋಹಪ್ ಹಾಕ್ತಾರೆ?

ನನ್ನ ಟೀಮಕ್ಸೂ ಹೋಯ್ತು, ಹೋಗಬೇಕಾದ್ದೇ. ಹೊಸದು ತೆಗೆದು ಕಂಟ್ರೋಲ್-ಎ ಒತ್ತಿದೆ. ಕರ್ಸರ್ ಮತ್ತೆ ಸಾಲಿನ ಆರಂಭಕ್ಕೆ!

ಅರ್ಧ ಗಂಟೆ ತಲೆ ಕೆರ್ಕೊಂಡು ಕೊನೆಗೆ ಸ್ಟ್ರೇಸ್ ಹಾಕಿ ಅದು ಯಾವ ಫೈಲ್ ತೆಗೀತಿದೆ ಅಂತ ನೋಡಿದೆ. ನನ್ನ ಫೈಲನ್ನ ಅದು ಕೇಳ್ತಲೇ ಇರಲಿಲ್ಲ. ಸೋರ್ಸ್‌ನಿಂದ ಕಂಪೈಲ್ ಮಾಡುವಾಗ ಬೇರೆ ಏನೂ ಹೇಳದಿದ್ರೆ ಎಲ್ಲವೂ ಯುಎಸ್‌ಆರ್ ಒಳಗಿನ ಲೋಕಲ್ ಡೈರೆಕ್ಟರಿಗೆ ಹೋಗುತ್ತೆ, ಸಿಸ್ಟಂ ಕಾನ್ಫಿಗ್‌ನ ಜಾಗವೂ ಆ ಲೋಕಲ್ ಒಳಗಿನ ಇಟಿಸಿ ಆಗುತ್ತೆ. ಕಂಪೈಲ್ ಮಾಡಿದವನು ನಾನೇ. ನಾನು ಓದಿದ್ದ ಮ್ಯಾನುಯಲ್ ಇಂಟರ್‌ನೆಟ್‌ನದ್ದು, ನನ್ನ ಮಷಿನ್‌ನದ್ದಲ್ಲ. ಅಂದ್ರೆ ಅಷ್ಟೂ ಜನರ ಟೀಮಕ್ಸ್ ಕೊಂದಿದ್ದು ಯಾವುದಕ್ಕೂ ಅಲ್ಲ. ಫೈಲನ್ನ ಸರಿಯಾದ ಜಾಗಕ್ಕೆ ಕಾಪಿ ಮಾಡಿದೆ, ಕೀ ನಡೀತು, ಖುಷಿಯಿಂದ ಮಲಗಿದೆ. ಏನು ಮಾಡಿದೀನಿ ಅಂತ ಆಗಲೂ ಗೊತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ಏಳೂವರೆಗೆ ಫೋನ್. ನಮ್ಮ ಆಫೀಸಿನಲ್ಲಿ ವಿಜಯಪುರದವರೊಬ್ಬರು ಸೀನಿಯರ್, ಕನ್ನಡದವರೆಲ್ಲ ಅಕ್ಕಾರು ಅಂತಿದ್ವಿ. ಏರುದನಿ ಅವರ ಸ್ವಭಾವವೇ ಅಲ್ಲ. ಅವತ್ತೂ ಮೆಲ್ಲಗೇ ಕೇಳಿದ್ರು.

"ರಾತ್ರಿ ಸರ್ವರ್ ರೀಬೂಟ್ ಆಗೇದೇನ್ರಿ?"

"ಇಲ್ರೀ ಅಕ್ಕಾರ, ಯಾಕ್ರಿ?"

"ನನ್ನ ಟೀಮಕ್ಸ್ ಇಲ್ಲರಿ. ಸೋಮವಾರ ಸಂಜಿಗೆ ಹಚ್ಚಿದ್ದ ರನ್ನೂ ಇಲ್ಲ. ಅಪ್‌ಟೈಮ್ ನೋಡಿದ್ರ ತೊಂಬತ್ತ ದಿನ ಅನ್ನಾಕತ್ತೇತಿ."

ಓಪನ್‌ಫೋಮ್‌ನಲ್ಲಿ ಗಾಳಿ ಹರಿವಿನ ಲೆಕ್ಕ, ಮೂವತ್ತೆರಡು ಕೋರ್ ಮೇಲೆ, ಶನಿವಾರ ಮುಗಿಯೋದಿತ್ತು. ಓಪನ್‌ಫೋಮ್ ನಡುನಡುವೆ ಫಲಿತಾಂಶ ಬರೀತಾ ಹೋಗುತ್ತೆ, ಕೊನೇ ಸಲ ಬರೆದಲ್ಲಿಂದ ಮತ್ತೆ ಶುರು ಮಾಡಬಹುದು. 'ಎಲ್ಲಿವರೆಗೆ ಬರ್ದೈತ್ರಿ?' ಅಂದೆ. ಮಂಗಳವಾರ ರಾತ್ರಿವರೆಗೆ. ಅಷ್ಟು ಅಪರೂಪಕ್ಕೆ ಯಾಕೆ ಬರೆಸಿದ್ರಿ ಅಂತ ಕೇಳೋ ಹಾಗಿರಲಿಲ್ಲ. ಡಿಸ್ಕ್ ತುಂಬ್ತಿದೆ, ಕಡಿಮೆ ಸಲ ಬರೆಸಿ ಅಂತ ಹಿಂದಿನ ತಿಂಗಳು ಎಲ್ಲರಿಗೂ ಮೇಲ್ ಹಾಕಿದವನು ನಾನೇ. ಅವರೊಬ್ಬರೇ ಅದನ್ನ ಪಾಲಿಸಿದ್ದು.

ನಾನೇ ಅಂತ ಒಪ್ಕೊಂಡೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಹಬ್ಬದ ದಿನಾನೂ ಸುಮ್ ಕೂಡಂಗಿಲ್ಲ ನೋಡ್ರಿ ನೀವು" ಅಂದು ಇಟ್ಟರು. ಇನ್ನೂ ನಾಲ್ಕು ಜನರದ್ದು ಹೋಗಿತ್ತು, ಅವು ಸಣ್ಣವು. ರೂಟ್ ಪಾಸ್‌ವರ್ಡ್ ಮೂರು ತಿಂಗಳು ನನ್ನ ಕೈಯಲ್ಲಿರಲಿಲ್ಲ, ಸರಿಯಾದ ತೀರ್ಮಾನವೇ.

ಸೋಮವಾರ ಎರಡನೇ ಅಲೆ. ಬ್ಯಾಶ್‌ನಲ್ಲಿ ಸಾಲಿನ ಆರಂಭಕ್ಕೆ ಹೋಗೋಕೆ ಕಂಟ್ರೋಲ್-ಎ ಒತ್ತೋರಿಗೆಲ್ಲ ಅದು ಸತ್ತುಹೋಗಿತ್ತು. ಮೌಸ್ ಆನ್ ಮಾಡಿದ್ದರಿಂದ ಎಂದಿನ ಹಾಗೆ ಎಳೆದು ಕಾಪಿ ಮಾಡೋಕಾಗ್ತಿಲ್ಲ, ಶಿಫ್ಟ್ ಹಿಡಿದೇ ಎಳೀಬೇಕು. ನೀಲಿ ಪಟ್ಟಿ ಯಾರಿಗೂ ಇಷ್ಟ ಆಗಲಿಲ್ಲ.

ಹಾಗಾಗಿ ನಿಮಗೆ ನೇರವಾಗಿ ಹೇಳ್ತೀನಿ: ಎಲ್ಲರ ಟೀಮಕ್ಸೂ ಒಂದೇ ಥರ ಇರಬೇಕು ಅನ್ನೋ ಆಸೆಯನ್ನೇ ಬಿಡಿ. ಸಿಸ್ಟಂ ಫೈಲ್‌ನಲ್ಲಿ ಯಾರ ಬೆರಳಿಗೂ ಕಣ್ಣಿಗೂ ತಾಗದ ಸಾಲು ಮಾತ್ರ ಇರಲಿ. ನಮ್ಮದರಲ್ಲಿ ಕೊನೆಗೆ ಉಳಿದಿದ್ದು ಮೂರು. ಎಸ್ಕೇಪ್-ಟೈಮ್ ಇಳಿಸಿದ್ದು, ಯಾಕಂದ್ರೆ ಆಗಿನ ಆವೃತ್ತಿಗಳಲ್ಲಿ ಅದು 500 ಮಿಲಿಸೆಕೆಂಡ್, ವಿಮ್ ಎಡಿಟರ್ ಬಳಸೋರು ಎಸ್ಕೇಪ್ ಒತ್ತಿ ಅರ್ಧ ಸೆಕೆಂಡ್ ಕಾಯಬೇಕಿತ್ತು. ಹಿಸ್ಟರಿ-ಲಿಮಿಟ್ 2000ದಿಂದ ಹತ್ತು ಸಾವಿರಕ್ಕೆ. ಲಕ್ಷಗಟ್ಟಲೆ ಬೇಡ, ಪ್ರತಿ ಪೇನ್‌ಗೂ ಅದು ಮೆಮೊರಿ ತಿನ್ನುತ್ತೆ, ಮತ್ತು ಆಗಲೇ ತೆರೆದಿರೋ ಪೇನ್‌ಗೆ ಅನ್ವಯಿಸಲ್ಲ. ಮೂರನೇದು ಡಿಫಾಲ್ಟ್-ಟರ್ಮಿನಲ್, 256 ಬಣ್ಣದ್ದು. ಅಷ್ಟೇ. ಹೊಸಬರಿಗೆ ಮಾದರಿ ಕೊಡಬೇಕು ಅನ್ನಿಸಿದ್ರೆ ಸ್ಕೆಲ್ ಡೈರೆಕ್ಟರಿಯಲ್ಲಿ ಒಂದು ಫೈಲ್ ಇಡಿ. ಖಾತೆ ತೆರೆದಾಗ ಒಮ್ಮೆ ಅವರ ಹೋಮ್‌ಗೆ ಕಾಪಿ ಆಗುತ್ತೆ, ಆಮೇಲೆ ಅದು ಅವರದ್ದು. ಇರೋರ ಹೋಮ್‌ಗೆ ಮಾತ್ರ ಕೈ ಹಾಕ್ಬೇಡಿ.

ಬರೆದಿದ್ದನ್ನ ಪರೀಕ್ಷೆ ಮಾಡೋಕೆ ಯಾರನ್ನೂ ಕೊಲ್ಲಬೇಕಿಲ್ಲ. ಟೀಮಕ್ಸ್‌ಗೆ ಮೈನಸ್ ದೊಡ್ಡಕ್ಷರದ ಎಲ್ ಕೊಟ್ಟು ಏನಾದರೊಂದು ಹೆಸರಿಟ್ಟರೆ ಬೇರೆ ಸಾಕೆಟ್ ಮೇಲೆ ಹೊಚ್ಚ ಹೊಸ ಸರ್ವರ್ ಹುಟ್ಟುತ್ತೆ, ಫೈಲನ್ನ ಹೊಸದಾಗಿ ಓದುತ್ತೆ. ನಿಮ್ಮ ಹಳೇ ಸೆಷನ್ನೂ ಅಲ್ಲಾಡಲ್ಲ. ನನಗೆ ಆ ರಾತ್ರಿ ಬೇಕಿದ್ದದ್ದು ಈ ಒಂದು ಅಕ್ಷರ. ಓಡ್ತಿರೋರು ಬದಲಾವಣೆ ಬೇಕಂದ್ರೆ ಅವರೇ ಸೋರ್ಸ್-ಫೈಲ್ (ಫೈಲನ್ನ ಮತ್ತೆ ಓದಿಸೋ ಆಜ್ಞೆ) ಹೊಡ್ಕೊಳ್ಳಲಿ. ಅದರಲ್ಲೂ ಒಂದು ಕೊಕ್ಕೆ ಇದೆ: ಮೊದಲು ಸಿಸ್ಟಂ ಫೈಲ್, ಆಮೇಲೆ ಸ್ವಂತದ್ದು. ಸಿಸ್ಟಂ ಫೈಲ್ ಒಂದನ್ನೇ ಓದಿಸಿದ್ರೆ ಅವರು ಮಾಡ್ಕೊಂಡಿದ್ದ ಸೆಟ್ಟಿಂಗ್ ಮೇಲೆ ನಿಮ್ಮದು ಕೂತುಬಿಡುತ್ತೆ. ಫೈಲ್‌ನಿಂದ ಸಾಲು ಅಳಿಸಿದ ಮಾತ್ರಕ್ಕೆ ಓಡ್ತಿರೋ ಸರ್ವರ್‌ನಲ್ಲಿ ಅದು ಹೋಗಲ್ಲ, ಹಳೇ ಬೆಲೆಯನ್ನ ಮತ್ತೆ ಬರೆದು ಓದಿಸಬೇಕು. ನನ್ನ ಕಂಟ್ರೋಲ್-ಎ ಅಲ್ಲೊಂದು ಇಲ್ಲೊಂದು ಟೀಮಕ್ಸ್‌ನಲ್ಲಿ ದೀಪಾವಳಿವರೆಗೂ ಬದುಕಿತ್ತು.

ಸ್ಕ್ರೀನ್ ವಿಚಾರ: ಇಟಿಸಿಯ ಸ್ಕ್ರೀನ್‌ಆರ್‌ಸಿ ಓದಿ ಆಮೇಲೆ ಹೋಮ್‌ನದ್ದು ಓದುತ್ತೆ, ಅದೂ ಸೆಷನ್ ಶುರುವಾಗೋವಾಗಲೇ. ಕಥೆ ಬೇರೆ ಆಗ್ತಿರಲಿಲ್ಲ. ಜೊತೆಗೆ 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಿಂದಲೇ ಅದನ್ನ ಕೈಬಿಟ್ಟಿದ್ದಾರೆ. ಹಿಂದಕ್ಕೆ ಹೋಗ್ಬೇಡಿ. ದಿನಗಟ್ಟಲೆ ಓಡೋ ಕೆಲಸ ಇದ್ರೆ ಅದಕ್ಕೆ ಸ್ಲರ್ಮ್‌ನಂಥ ಕ್ಯೂ (ಕೆಲಸಗಳನ್ನ ಸರದಿಯಲ್ಲಿ ನಡೆಸೋ ವ್ಯವಸ್ಥೆ) ಹಾಕಿ, ಆಗ ಯಾರ ಟರ್ಮಿನಲ್ ಸತ್ತರೂ ಕೆಲಸ ಸಾಯಲ್ಲ. ನಾವು ಮರುವರ್ಷ ಹಾಕಿದ್ವಿ, ಮೊದಲ ಜಾಬ್ ಅಕ್ಕಾರದ್ದು. ಹಚ್ಚೋ ಮುಂಚೆ ನನ್ನ ಸೀಟಿಗೆ ಬಂದು "ಇವತ್ತ ಯಾವ ಹಬ್ಬಾನೂ ಇಲ್ಲ ಹೌದಲ್ರಿ?" ಅಂತ ಕೇಳಿ ಹೋದ್ರು.