ಅಂಕೋರ್‌ನ ದೇಗುಲಗಳನ್ನೂ ಅಲ್ಲಿನ ಹಳ್ಳಿಗಳನ್ನೂ ಎರಡೇ ದಿನದಲ್ಲಿ ನೋಡುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ಕಾಂಬೋಡಿಯಾದಲ್ಲಿ, ಅಂಕೋರ್ ಪಕ್ಕದ ಊರಾದ ಸೀಮ್ ರೀಪ್‌ನಲ್ಲಿ ಎರಡು ದಿನ ಮಾತ್ರ ಇದೆ, ಜೊತೆಗೆ ವಯಸ್ಸಾದ ಅಪ್ಪ ಅಮ್ಮ ಇದ್ದಾರೆ, ದೇಗುಲಕ್ಕೊಂದು ದಿನ, ‘ಹಳ್ಳಿ ಟೂರ್’ಗೆ ಇನ್ನೊಂದು ದಿನ ಎಂಬ ಪ್ಯಾಕೇಜ್ ತೆಗೆದುಕೊಳ್ಳಬಹುದೇ?

ತೆಗೆದುಕೊಳ್ಳಬೇಡಿ. ಅಲ್ಲಿ ದೇಗುಲ ಬೇರೆ, ಹಳ್ಳಿ ಬೇರೆ ಅಲ್ಲ. ಬಾಯೋನ್ ದೇಗುಲದ ಗೋಡೆಯ ಮೇಲೆ ಕಾಣುವ ಎತ್ತಿನ ಗಾಡಿ, ಮೀನು ಸುಡುವ ಒಲೆ, ಕೋಳಿ ಅಂಕ ಇವೆಲ್ಲ ಇವತ್ತಿಗೂ ಅಲ್ಲಿನ ಊರುಗಳಲ್ಲಿವೆ. ತಾ ಪ್ರೋಮ್‌ನ 1186ರ ಶಾಸನದಲ್ಲಿ ಆ ಒಂದು ದೇಗುಲದ ಸೇವೆಗೆ 3,140 ಹಳ್ಳಿಗಳ 79,365 ಜನರಿದ್ದರು ಎಂಬ ಲೆಕ್ಕವಿದೆ. ನಮ್ಮ ದತ್ತಿ ಶಾಸನಗಳ ಹಾಗೆ ಅಕ್ಕಿ, ಎಳ್ಳು, ಹೆಸರುಕಾಳು, ತುಪ್ಪ, ಜೇನು ಎಲ್ಲದರ ಅಳತೆಯನ್ನೂ ಕೊರೆದಿಟ್ಟಿದ್ದಾರೆ. ಆದ್ದರಿಂದ ದಾರಿಯಲ್ಲೇ ಹಳ್ಳಿ ಸಿಗುವ ಹಾಗೆ ಎರಡೂ ದಿನವನ್ನು ಜೋಡಿಸಿಕೊಳ್ಳಿ.

ಮೊದಲು ಟಿಕೆಟ್. ಒಂದು ದಿನದ ಪಾಸ್ 37 ಡಾಲರ್, ಮೂರು ದಿನದ್ದು 62. ಎರಡು ದಿನದ ಪಾಸ್ ಎಂಬುದಿಲ್ಲ. ಒಂದು ದಿನದ್ದನ್ನೇ ಎರಡು ಸಲ ಕೊಂಡರೆ 74 ಆಗುತ್ತದೆ, ಹಾಗಾಗಿ ಮೂರು ದಿನದ್ದನ್ನೇ ಕೊಳ್ಳಿ. ಅದನ್ನು ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಬಳಸಬಹುದು. ಪಾಸ್ ಮೇಲೆ ನಿಮ್ಮ ಫೋಟೋ ಇರುತ್ತದೆ, ಪ್ರತಿ ದೇಗುಲದ ಬಾಗಿಲಲ್ಲೂ ನೋಡುತ್ತಾರೆ, ಬೇರೆಯವರಿಗೆ ಕೊಡಲಾಗದು. 12 ವರ್ಷದೊಳಗಿನ ಮಕ್ಕಳಿಗೆ ಉಚಿತ, ಆದರೆ ಪಾಸ್‌ಪೋರ್ಟ್ ತೋರಿಸಬೇಕು. ಸಂಜೆ 5ರ ನಂತರ ಕೊಂಡ ಪಾಸ್ ಮಾರನೆಯ ದಿನದಿಂದ ಲೆಕ್ಕ, ಆ ಸಂಜೆಯ ಪ್ರವೇಶ ಪುಕ್ಕಟೆ. ಕೌಂಟರ್ 5.30ಕ್ಕೆ ಮುಚ್ಚುತ್ತದೆ. ಹೊಸ ವಿಮಾನ ನಿಲ್ದಾಣ ಊರಿಂದ 40 ಕಿ.ಮೀ.ಗಿಂತ ದೂರವಿದೆ, ಸಮಯ ನೋಡಿಕೊಳ್ಳಿ. ಸ್ವಲ್ಪ ಹರಿದ ಅಥವಾ ಗೀಚಿದ ಡಾಲರ್ ನೋಟನ್ನೂ ಅಲ್ಲಿ ಯಾರೂ ಮುಟ್ಟುವುದಿಲ್ಲ. ಇಲ್ಲಿಂದಲೇ ಗರಿಗರಿ ನೋಟು ಒಯ್ಯಿರಿ, ಒಂದು ಮತ್ತು ಐದರ ನೋಟು ಹೆಚ್ಚಿರಲಿ.

ಮೊದಲ ದಿನ ಬೆಳಿಗ್ಗೆ 7.30ಕ್ಕೆ, ಬಾಗಿಲು ತೆರೆಯುವ ಹೊತ್ತಿಗೇ, ತಾ ಪ್ರೋಮ್‌ನಲ್ಲಿರಿ. ಎಲ್ಲರೂ ಅಂಕೋರ್ ವಾಟ್‌ನಲ್ಲಿ ಸೂರ್ಯೋದಯ ನೋಡಿ ತಿಂಡಿಗೆ ಹೋಗಿರುತ್ತಾರೆ. ಗೋಡೆಯ ಮೇಲೆ ಕುಳಿತ ಮರಗಳನ್ನು ನೆಮ್ಮದಿಯಾಗಿ ನೋಡಲು ಸಿಗುವುದು ಆ ಒಂದು ಗಂಟೆಯಲ್ಲೇ. ಇಲ್ಲಿ ಜೀರ್ಣೋದ್ಧಾರ ಮಾಡುತ್ತಿರುವುದು ನಮ್ಮ ಭಾರತೀಯ ಪುರಾತತ್ವ ಇಲಾಖೆ. ಮರ ಬೆಳೆದರೆ ಗೋಡೆ ಸೀಳುತ್ತದೆ, ಕಡಿದರೆ ಬೇರು ಕೊಳೆತು ಅದು ಹಿಡಿದಿಟ್ಟ ಕಲ್ಲು ಉದುರುತ್ತದೆ. ಅಲ್ಲಲ್ಲಿ ಕಾಣುವ ಆಸರೆ ಕಂಬಗಳು ಅದಕ್ಕೇ.

9.30ರ ಹೊತ್ತಿಗೆ ಬಾಯೋನ್. ಬಹಳ ಜನ ನೇರ ಮೇಲೆ ಹತ್ತಿ ಕಲ್ಲಿನ ಮುಖಗಳ ಮುಂದೆ ಫೋಟೋ ತೆಗೆಸಿಕೊಂಡು ಇಳಿದುಬಿಡುತ್ತಾರೆ. ನೀವು ಕೆಳಗಿನ ಹೊರ ಪ್ರಾಕಾರಕ್ಕೇ ಒಂದು ಗಂಟೆ ಕೊಡಿ, ಮೆಟ್ಟಿಲು ಹತ್ತುವುದು ಕಡಿಮೆ, ಅಪ್ಪ ಅಮ್ಮನಿಗೂ ಸುಲಭ. ಪೂರ್ವ ಬಾಗಿಲಿಂದ ಒಳಹೋಗಿ ಎಡಕ್ಕೆ ತಿರುಗಿ, ಗೋಡೆ ನಿಮ್ಮ ಬಲಗೈಗೆ ಇರಲಿ, ಅಂದರೆ ಪ್ರದಕ್ಷಿಣೆ. ಮೊದಲು ಸೈನ್ಯ, ಅದರ ಹಿಂದೆ ದವಸ ಹೊತ್ತ ಎತ್ತಿನ ಗಾಡಿಗಳು. ದಕ್ಷಿಣದ ಗೋಡೆಗೆ ತಿರುಗಿದರೆ ತೋನ್ಲೆ ಸಾಪ್ ಸರೋವರದಲ್ಲಿ ನೆರೆಯ ಚಂಪಾ ರಾಜ್ಯದ ಚಾಮರೊಡನೆ ನಡೆದ ದೋಣಿ ಯುದ್ಧ. ಅದರ ಕೆಳಗಿನ ಪಟ್ಟಿಯನ್ನು ಬಗ್ಗಿ ನೋಡಿ: ಸಂತೆಯಲ್ಲಿ ಮಾರುವ ಹೆಂಗಸರು, ಹೇನು ಹೆಕ್ಕುವವರು, ಹೆರಿಗೆ, ಕಟ್ಟಿಗೆ ಒಲೆಯ ಮೇಲೆ ಅನ್ನದ ಮಡಕೆ, ಸೀಳು ಕೋಲಿಗೆ ಸಿಕ್ಕಿಸಿ ಸುಡುತ್ತಿರುವ ಮೀನು. ಬಾಯೋನ್ ಕಟ್ಟಿಸಿದ ಏಳನೆಯ ಜಯವರ್ಮನ ಕಾಲದ ಆ ಸೀಳು ಕೋಲನ್ನು ಮಾರನೆಯ ದಿನ ರಸ್ತೆ ಬದಿಯಲ್ಲೇ ಕಾಣುತ್ತೀರಿ.

11.30ರಿಂದ 2.30ರವರೆಗೆ ಹೋಟೆಲಿಗೆ ಬಂದು ಮಲಗಿ. ಈ ವಿಶ್ರಾಂತಿ ತಪ್ಪಿಸಿದವರೇ ಎರಡನೆಯ ದಿನ ಸುಸ್ತಾಗಿ ಬೀಳುವುದು, ಮಾರ್ಚ್ ಏಪ್ರಿಲ್‌ನಲ್ಲಂತೂ ಖಂಡಿತ.

ಮಧ್ಯಾಹ್ನದ ನಂತರ ಅಂಕೋರ್ ವಾಟ್. ಅದು ಪಶ್ಚಿಮಕ್ಕೆ ಮುಖ ಮಾಡಿದ ದೇಗುಲ, ಇಳಿಬಿಸಿಲು ಮುಂಭಾಗದ ಮೇಲೆ ಬೀಳುತ್ತದೆ. ಕಟ್ಟಿಸಿದವನು ಎರಡನೆಯ ಸೂರ್ಯವರ್ಮ, ಪಟ್ಟಕ್ಕೆ ಬಂದದ್ದು 1113ರಲ್ಲಿ. ನಮ್ಮ ವಿಷ್ಣುವರ್ಧನನ ಬೇಲೂರು 1117ರದ್ದು. ಎರಡೂ ವಿಷ್ಣುವಿಗೇ, ಎರಡೂ ಒಂದೇ ತಲೆಮಾರಿನವು. ಈ ಹೋಲಿಕೆ ಮನಸ್ಸಿನಲ್ಲಿದ್ದರೆ ನೋಡುವ ಕಣ್ಣೇ ಬೇರೆಯಾಗುತ್ತದೆ.

ಇಲ್ಲಿ ಬಾಯೋನ್‌ಗೆ ತಿರುಗುಮುರುಗು. ಪಶ್ಚಿಮದಿಂದ ಒಳಹೋಗಿ ಬಲಕ್ಕೆ ತಿರುಗಬೇಕು, ಗೋಡೆ ಎಡಗೈಗೆ, ಅಂದರೆ ಅಪ್ರದಕ್ಷಿಣೆ. ಉಬ್ಬುಚಿತ್ರಗಳ ಕ್ರಮ ಹಾಗೇ ಇದೆ. ಅಪರಕರ್ಮದ ಸುತ್ತು ಹೀಗಿರುವುದರಿಂದ ಇದು ರಾಜನ ಸಮಾಧಿ ದೇಗುಲವೂ ಹೌದೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಮೊದಲು ಕುರುಕ್ಷೇತ್ರ: ಎಡದಿಂದ ಕೌರವರು, ಬಲದಿಂದ ಪಾಂಡವರು, ಶುರುವಿನಲ್ಲೇ ಶರಶಯ್ಯೆಯ ಭೀಷ್ಮ. ಕೆಲವು ಕಡೆ ಕಲ್ಲು ಕನ್ನಡಿಯಂತೆ ಕಪ್ಪಗೆ ಹೊಳೆಯುತ್ತದೆ, ಅದು ಕೋಟಿ ಕೈಗಳು ಸವರಿದ ಗುರುತು, ದಯವಿಟ್ಟು ಮುಟ್ಟಬೇಡಿ. ದಕ್ಷಿಣದಲ್ಲಿ ಸೂರ್ಯವರ್ಮನ ಮೆರವಣಿಗೆ, ಆಮೇಲೆ ಯಮ, ಚಿತ್ರಗುಪ್ತ, ನರಕ. ಪೂರ್ವದಲ್ಲಿ ಸಮುದ್ರಮಥನ, ಸುಮಾರು 49 ಮೀಟರ್ ಉದ್ದ, ಎಡಕ್ಕೆ 92 ಅಸುರರು, ಬಲಕ್ಕೆ 88 ದೇವತೆಗಳು. ದೇವತೆಗಳ ಸಾಲಿನ ಕೊನೆಯಲ್ಲಿ ವಾಸುಕಿಯ ಬಾಲ ಹಿಡಿದವನು ಹನುಮಂತ. ನಮ್ಮ ಕಥೆಯಲ್ಲಿಲ್ಲದ ಈ ಮಾತನ್ನು ನಿಮ್ಮ ತಂದೆಯವರಿಗೆ ತೋರಿಸಿ, ಖುಷಿಪಡುತ್ತಾರೆ. ಕಾಲು ನೋವಿದ್ದರೆ ಉತ್ತರದ ಗೋಡೆ ಬಿಟ್ಟು ಬಂದ ದಾರಿಯಲ್ಲೇ ಮರಳಿ, ಬಾಗಿಲಿನ ಎಡಗಡೆಯ ಲಂಕಾಯುದ್ಧ ನೋಡಿ. ಮೇಲಿನ ಹಂತದ ಮೆಟ್ಟಿಲು ವಿಪರೀತ ಕಡಿದು, ಮಂಡಿನೋವಿನವರು ಹತ್ತಲೇಬಾರದು. ಹತ್ತುವವರಿಗೆ ಭುಜ, ಮಂಡಿ ಮುಚ್ಚಿರಬೇಕು, ಮೇಲೆ ಶಾಲು ಹೊದ್ದರೆ ಒಪ್ಪುವುದಿಲ್ಲ, ತೋಳಿರುವ ಬಟ್ಟೆಯೇ ಬೇಕು. ಬೌದ್ಧರ ಪವಿತ್ರ ದಿನಗಳಲ್ಲಿ ಆ ಹಂತ ಮುಚ್ಚಿರುತ್ತದೆ.

ಎರಡನೆಯ ದಿನ ಬಂತೇ ಸ್ರೇ ದೇಗುಲ. ಊರಿಂದ ಸುಮಾರು 35 ಕಿ.ಮೀ., ಟುಕ್‌ಟುಕ್‌ನಲ್ಲಿ ಒಂದು ಗಂಟೆ ಮೀರುತ್ತದೆ, ಹಿರಿಯರಿದ್ದರೆ ಕಾರು ಮಾಡಿ. ಇದೇ ಪಾಸ್ ನಡೆಯುತ್ತದೆ. ಬೇಗ ಹೊರಟು ದಾರಿಯ ಪ್ರೆಯಾ ಡಾಕ್ ಹಳ್ಳಿಯಲ್ಲಿ ನಿಲ್ಲಿಸಿ. ‘ನೊಮ್ ಬಾನ್ ಚೊಕ್’ ಎಂಬ ಅಕ್ಕಿ ಶಾವಿಗೆಗೆ ಹೆಸರಾದ ಊರು. ನಮ್ಮ ಒತ್ತು ಶಾವಿಗೆಯ ಅಕ್ಕ ಎನ್ನಬಹುದು, ವ್ಯತ್ಯಾಸ ಎರಡೇ. ನೆನೆಸಿ ಬೀಸಿದ ಅಕ್ಕಿ ಹಿಟ್ಟನ್ನು ಹುಳಿಯಲು ಬಿಟ್ಟು, ಬಟ್ಟೆ ಚೀಲದಲ್ಲಿ ಕಟ್ಟಿ, ಭಾರ ಹೇರಿ ನೀರು ಬಸಿಯುತ್ತಾರೆ. ಮುದ್ದೆಯನ್ನು ಅರೆಬೇಯಿಸಿ ಕುಟ್ಟಿ, ತೂತಿನ ಅಚ್ಚಿನಿಂದ ನೇರ ಕುದಿಯುವ ನೀರಿಗೇ ಒತ್ತುತ್ತಾರೆ, ನಮ್ಮಲ್ಲಿಯ ಹಾಗೆ ಬೆಂದ ಮೇಲೆ ಒತ್ತುವುದಲ್ಲ. ಎಳೆ ತೇಲಿದ ಕೂಡಲೇ ಜಾಲರಿಯಲ್ಲಿ ಎತ್ತಿ ತಣ್ಣೀರಿಗೆ. ಆಮೇಲೆ ಬೆರಳಿಗೆ ಸುತ್ತಿ ಒಂದೊಂದೇ ಸಿಂಬಿ ಮಾಡಿ ಬುಟ್ಟಿಯಲ್ಲಿ ಜೋಡಿಸುತ್ತಾರೆ. ಹುಳಿ ಕಡಿಮೆಯಾದರೆ ಎಳೆ ತುಂಡಾಗುತ್ತದೆ, ಹೆಚ್ಚಾದರೆ ವಾಸನೆ.

ಸಸ್ಯಾಹಾರಿಗಳು ಗಮನಿಸಿ: ಮೇಲೆ ಹಾಕುವ ಹಸಿರು ಸಾರಿನಲ್ಲಿ ಮೀನಿದೆ, ‘ಪ್ರಹೊಕ್’ ಎಂಬ ಹುಳಿಸಿದ ಮೀನಿನ ಚಟ್ನಿಯೂ ಇರುತ್ತದೆ. ತರಕಾರಿ ಪಲ್ಯವೆಂದು ಕೊಟ್ಟದ್ದರಲ್ಲೂ ಮೀನಿನ ರಸ ಇರಬಹುದು. ‘ಮಾಂಸ ಬೇಡ’ ಎಂದರೆ ಮೀನು ಅದರೊಳಗೆ ಬರುವುದಿಲ್ಲ. ‘ಅತ್ ಸಾಚ್, ಅತ್ ತ್ರೈ, ಅತ್ ಪ್ರಹೊಕ್’ (ಮಾಂಸ ಬೇಡ, ಮೀನು ಬೇಡ, ಪ್ರಹೊಕ್ ಬೇಡ) ಎಂದು ಮೂರನ್ನೂ ಬಿಡಿಸಿ ಹೇಳಿ. ಬರಿ ಶಾವಿಗೆ ಕೊಂಡು ಬಾಳೆಹಣ್ಣು, ಬೆಲ್ಲದ ಜೊತೆ ತಿಂದರೂ ಚೆನ್ನ.

ಬಂತೇ ಸ್ರೇ ಚಿಕ್ಕದು, ಗುಲಾಬಿ ಮರಳುಗಲ್ಲು, 967ರಲ್ಲಿ ಪ್ರತಿಷ್ಠೆಯಾದ ಶಿವಾಲಯ. ಕಟ್ಟಿಸಿದವನು ರಾಜನಲ್ಲ, ಯಜ್ಞವರಾಹನೆಂಬ ವಿದ್ವಾಂಸ. ಒಳಗುಡಿಯ ಸುತ್ತ ಹಗ್ಗ ಕಟ್ಟಿದೆ. ದಕ್ಷಿಣದ ಚಿಕ್ಕ ಕಟ್ಟಡದ ಪೂರ್ವಕ್ಕೆ ಕೈಲಾಸ ಅಲುಗಿಸುವ ರಾವಣ, ಪಶ್ಚಿಮಕ್ಕೆ ಕಾಮದಹನ. ಉತ್ತರದ ಕಟ್ಟಡದ ಪೂರ್ವಕ್ಕೆ ಖಾಂಡವವನದ ಮೇಲೆ ಇಂದ್ರನ ಮಳೆ, ಪಶ್ಚಿಮಕ್ಕೆ ಕಂಸವಧೆ. ಬೆಳಗಿನ ಬಿಸಿಲಲ್ಲಿ ಪೂರ್ವದವೆರಡನ್ನು ಮೊದಲು ನೋಡಿ.

ವಾಪಸು ಬರುವಾಗ ರಸ್ತೆ ಬದಿ ತಾಳೆಬೆಲ್ಲ ಕಾಯಿಸುವ ಮನೆಗಳಿವೆ, ಬೇಸಿಗೆಯ ತಿಂಗಳುಗಳಲ್ಲಿ ಜೋರು. ಏಳೆಂಟು ಲೀಟರ್ ನೀರಾ ಮೂರ್ನಾಲ್ಕು ಗಂಟೆ ಕುದಿದರೆ ಒಂದು ಕಿಲೋ ಬೆಲ್ಲ. ತಾಳೆಗರಿಯ ಬಳೆಗಳಲ್ಲಿ ಎರೆದ ಬಿಲ್ಲೆಗಳನ್ನು ಕೊಳ್ಳಿ, ಕರಾವಳಿಯವರಾದರೆ ಓಲೆಬೆಲ್ಲ ನೆನಪಾಗುತ್ತದೆ. ಮನೆ ಕಂಬಗಳ ಮೇಲಿರುತ್ತದೆ, ಹಗಲಿನ ಬದುಕೆಲ್ಲ ಅದರ ಕೆಳಗಿನ ನೆರಳಿನಲ್ಲಿ. ಮೇಲೆ ಕರೆದರೆ ಚಪ್ಪಲಿ ಬಿಟ್ಟು ಹತ್ತಿ. ಕೈ ಜೋಡಿಸಿದರೆ ಸಾಕು, ಅವರ ‘ಸಂಪೆಯಾ’ ನಮ್ಮ ನಮಸ್ಕಾರವೇ. ಮಕ್ಕಳ ತಲೆ ನೇವರಿಸಬೇಡಿ, ಅಲ್ಲಿ ತಲೆ ಮುಟ್ಟುವುದು ಅಗೌರವ. ಕೀಚೈನ್ ಮಾರುವ ಮಕ್ಕಳಿಂದ ಕೊಂಡರೆ ಅವರು ಶಾಲೆ ತಪ್ಪಿಸುತ್ತಾರೆ, ಅದೇ ದುಡ್ಡನ್ನು ಬೆಲ್ಲ ಕಾಯಿಸುವ ತಾಯಿಗೆ ಕೊಡಿ. ಅನಾಥಾಶ್ರಮಕ್ಕೆ ಕರೆದೊಯ್ಯುವ ಟೂರ್ ಬೇಡವೇ ಬೇಡ.

ಎರಡನೆಯ ಮಧ್ಯಾಹ್ನಕ್ಕೆ ತೋನ್ಲೆ ಸಾಪ್ ಸರೋವರದ ಅಂಚಿನ ಹಳ್ಳಿ ಕಂಪೊಂಗ್ ಫ್ಲುಕ್, ಆದರೆ ಸೆಪ್ಟೆಂಬರ್‌ನಿಂದ ಜನವರಿಯೊಳಗೆ ಹೋಗುವುದಾದರೆ ಮಾತ್ರ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿ ತೋನ್ಲೆ ಸಾಪ್ ನದಿ ಹಿಮ್ಮುಖವಾಗಿ ಹರಿಯುತ್ತದೆ, ಸರೋವರ ನಾಲ್ಕೈದು ಪಟ್ಟು ಹಿಗ್ಗಿ ಎತ್ತರದ ಕಂಬಗಳ ಮನೆಗಳ ಹೊಸ್ತಿಲವರೆಗೆ ನೀರು ಬರುತ್ತದೆ. ಮಾರ್ಚ್‌ನಲ್ಲಿ ಹೋದರೆ ಒಣ ಕಂಬ, ಕೆಸರು, ಧೂಳು. ಆಗ ಸುಮ್ಮನೆ ಅಂಕೋರ್ ವಾಟ್‌ಗೆ ಇನ್ನೊಂದು ಸಲ ಹೋಗಿ, ಮೊದಲ ದಿನ ಬಿಟ್ಟ ಉತ್ತರದ ಗೋಡೆ ನೋಡಿ. ಕಂಪೊಂಗ್ ಫ್ಲುಕ್‌ಗೆ ಹೋಗುವ ದೋಣಿಗೆ ಬೇರೆ ಟಿಕೆಟ್, ಅಲ್ಲಿನ ನೀರು ತುಂಬಿದ ಕಾಡಿನೊಳಗಿನ ಚಿಕ್ಕ ದೋಣಿಗೆ ಮತ್ತೆ ಬೇರೆ. ಒಟ್ಟು ಎಷ್ಟೆಂದು ಹತ್ತುವ ಮೊದಲೇ ಕೇಳಿಕೊಳ್ಳಿ.