ಪಂಪಿನ ಸದ್ದಿಗೆ ಎಚ್ಚರವಾಗುವ ಅಪ್ಪ

ಪೊನ್ನಂಪೇಟೆ ಕಡೆಯಿಂದ ಬಂದ ಪತ್ರವೊಂದು ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಯಾರ ಮೇಲೆ ಅನ್ನೋದು ಮಾತ್ರ ಪ್ರತಿ ಸಲ ಬದಲಾಗುತ್ತಿದೆ.

ಬರೆದವರು ಬ್ಯಾಂಕ್ ಉದ್ಯೋಗಿ. ಗಂಡನಿಗೆ ಎಂಟು ಎಕರೆ ರೋಬಸ್ಟಾ ಕಾಫಿ ತೋಟ. ಮಗನಿಗೆ 14 ತಿಂಗಳು. 26 ವಾರದ ಹೆರಿಗೆ ರಜೆ ಮುಗಿದಾಗಿನಿಂದ ಇವರ ಅಮ್ಮ ಜೊತೆಗಿದ್ದಾರೆ. ಸಂಜೆ ಬ್ಯಾಂಕಿನಿಂದ ಬಂದ ಮೇಲೆ ಉಣಿಸೋದು, ತೊಳೆಯೋದು, ಮಲಗಿಸೋದು, ರಾತ್ರಿ ಏಳೋದು ಎಲ್ಲಾ ಇವರದೇ. ಗಂಡ ಕೆಟ್ಟವರಲ್ಲ. ಕುಡಿಯೋದಿಲ್ಲ, ಮಗುವನ್ನು ಮುದ್ದು ಮಾಡುತ್ತಾರೆ. ಆದರೆ ಒಂಬತ್ತು ತಿಂಗಳ ದಡಾರ-ರುಬೆಲ್ಲಾ ಚುಚ್ಚುಮದ್ದಿಗೆ ಜೀಪಿನಲ್ಲಿ ಕರೆದುಕೊಂಡು ಹೋಗಿ, ಆಸ್ಪತ್ರೆಯ ಹೊರಗೇ ಕೂತು ಫೋನ್ ನೋಡುತ್ತಿದ್ದರಂತೆ. "ನನಗೆ ಅದೆಲ್ಲ ಗೊತ್ತಾಗಲ್ಲ" ಅನ್ನೋದು ಅವರ ಮಾತು. ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಲಾ ಅಂತ ಇವರ ಪ್ರಶ್ನೆ.

ತಂಗಿ, ಪತ್ರದ ಕೊನೆಯಲ್ಲಿ ಗಂಡನ ಪರವಾಗಿ ಒಂದು ಸಾಲು ಬರೆದಿದ್ದೀರಿ. "ಪಾಪ, ಈಗ ಬ್ಯಾಕಿಂಗ್ (ಹೂವಾದ ಮೇಲೆ ಕೊಡುವ ಎರಡನೇ ನೀರು) ಸಮಯ, ರಾತ್ರಿ ಎರಡಕ್ಕೂ ಎದ್ದು ನೀರು ಚಿಮ್ಮಿಸೋ ಜೆಟ್ ಬದಲಿಸೋಕೆ ಹೋಗುತ್ತಾರೆ. ಅಲಾರಂ ಬೇಡ, ಪಂಪಿನ ಸದ್ದು ಸ್ವಲ್ಪ ಬದಲಾದರೂ ಎಚ್ಚರವಾಗುತ್ತೆ."

ನಿಮ್ಮ ಇಡೀ ಪತ್ರ ಇರೋದು ಇಲ್ಲಿ. ಕೆರೆ ಹತ್ತಿರದ ಪಂಪಿನ ಸದ್ದು ಕೇಳಿಸುವ ಕಿವಿಗೆ ಪಕ್ಕದಲ್ಲೇ ಮಲಗಿದ ಮಗು ಅತ್ತರೆ ಕೇಳಿಸೋದಿಲ್ವಾ? ಆನೆ ಓಡಾಡುತ್ತಿದೆ ಅಂತ ಗೊತ್ತಿದ್ದೂ ಟಾರ್ಚ್ ಹಿಡಿದು ತೋಟಕ್ಕೆ ಇಳಿಯುವ ಮನುಷ್ಯ ಇವರು. ಹೂವಿಗೆ ನೀರು ಕೊಟ್ಟ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ, ಆಮೇಲೆ ಬ್ಯಾಕಿಂಗ್ ತಪ್ಪಿದರೆ ಕಾಯಿ ಸರಿಯಾಗಿ ಕಟ್ಟೋದಿಲ್ಲ ಅನ್ನೋದು ಗೊತ್ತು. ಕಣದಲ್ಲಿ ಹರಡಿದ ಕಾಫಿ ಒಣಗಿತಾ ಅಂತ ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ ಹೇಳುತ್ತಾರೆ. ಇಂಥವರಿಗೆ ಮಗುವಿನ ಹೊಟ್ಟೆ ತುಂಬಿತಾ ಅನ್ನೋದು ಗೊತ್ತಾಗಲ್ಲ ಅಂದರೆ ನಾನು ನಂಬೋದಿಲ್ಲ.

ವ್ಯತ್ಯಾಸ ಇಷ್ಟೇ. ತಾನು ಏಳದಿದ್ದರೆ ಜೆಟ್ ಬದಲಿಸೋಕೆ ಬೇರೆ ಯಾರೂ ಇಲ್ಲ. ಮಗುವಿಗೆ ನೀವಿದ್ದೀರಿ. ನಿಮ್ಮ ಅಮ್ಮ ಇದ್ದಾರೆ.

ಬೇಜಾರು ಮಾಡ್ಕೋಬೇಡಿ, ನನಗೆ ಜಾಸ್ತಿ ಸಿಟ್ಟಿರೋದು ಆ ಅಮ್ಮನ ಮೇಲೆಯೇ. ಅಳಿಯ ಒಂದು ದಿನ ತಾವಾಗಿಯೇ ರಾಗಿ ಸರಿ ಕಾಯಿಸಿದರು ಅಂತ ನೀವೇ ಬರೆದಿದ್ದೀರಿ. ಗಂಟು ಗಂಟಾಯಿತು. ಅಮ್ಮ "ಕೊಡಿ ಅಳಿಯಂದಿರೇ, ನಿಮಗ್ಯಾಕೆ ಈ ಕೆಲಸ" ಅಂತ ಪಾತ್ರೆ ಇಸ್ಕೊಂಡು, ಸರಿ ಚೆಲ್ಲಿ ಬೇರೆ ಮಾಡಿದರು. ನೀವಿಬ್ಬರೂ ನಕ್ಕಿರಿ. ಸೋಸಿದ್ದರೆ ಆಗುತ್ತಿತ್ತಲ್ಲ! ಆಮೇಲೆ ಅವರು ಒಲೆ ಹತ್ತಿರ ಬಂದಿಲ್ಲ. ನಾನಾಗಿದ್ದರೂ ಬರುತ್ತಿರಲಿಲ್ಲ.

ಟೈಮ್‌ಟೇಬಲ್ ಬೇಡವೇ ಬೇಡ. ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಪಟ್ಟಿ ಮಾಡಿದವರೇ ಅದನ್ನು ನೋಡಿಕೊಳ್ಳಬೇಕಾಗುತ್ತದೆ. ತೋಟದ ರೈಟರ್ ಹಾಜರಿ ಹಾಕೋ ಹಾಗೆ ನೀವು ಗಂಡನ ಹಾಜರಿ ಬರೀತಾ ಕೂರಬೇಕು. ಅದೂ ಒಂದು ಕೆಲಸವೇ.

ಸರ್ಕಾರಿ ನೌಕರಿಯಲ್ಲಿರುವ ಅಪ್ಪನಿಗೆ 15 ದಿನ ಪಿತೃತ್ವ ರಜೆ ಇದೆ, ತೋಟದವರಿಗೆ ಎಲ್ಲಿಯ ರಜೆ ಅಂತ ನಿಮ್ಮವರು ಹೇಳಬಹುದು. ತೋಟದ ಯಜಮಾನನ ರಜೆ ಅರ್ಜಿಗೆ ಸಹಿ ಹಾಕೋದು ಯಾರು ಸ್ವಾಮಿ?

ನೀವು ಮಾಡಬೇಕಾದ್ದು ಒಂದೇ. ಈ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಮ್ಮನನ್ನು ಕರೆದುಕೊಂಡು ಗೋಣಿಕೊಪ್ಪ ಸಂತೆಗೆ ಹೊರಡಿ. ಮಧ್ಯಾಹ್ನ ಒಂದರ ತನಕ ಬರಬೇಡಿ. ಸರಿ ಕಾಯಿಸಿಟ್ಟು ಹೋಗಬೇಡಿ. ಬಟ್ಟೆ ತೆಗೆದಿಡಬೇಡಿ. ಫೋನ್ ಆನ್ ಇರಲಿ, ನೀವಾಗಿ ಮಾಡಬೇಡಿ. ಅಮ್ಮನ ಫೋನನ್ನು ನಿಮ್ಮ ಚೀಲದಲ್ಲೇ ಇಟ್ಕೊಳ್ಳಿ. ವಾಪಸ್ ಬಂದಾಗ ಮಗು ಉಲ್ಟಾ ಅಂಗಿ ಹಾಕ್ಕೊಂಡಿದ್ದರೆ ಹಾಗೇ ಇರಲಿ, ನಗಬೇಡಿ. ಮುಂದಿನ ಭಾನುವಾರವೂ ಹೊರಡಿ. ಒಂದೇ ನೀರಿಗೆ ಬಿಟ್ಟರೆ ಆಗಲ್ಲ ಅನ್ನೋದನ್ನು ನಿಮ್ಮ ಮನೆಯಲ್ಲಿ ನಾನು ಬಿಡಿಸಿ ಹೇಳಬೇಕಾ? ಬೇಸಿಗೆಯಲ್ಲಿ ಹಾಕಿ ಟೂರ್ನಿ ಶುರುವಾದರೆ "ಭಾನುವಾರ ಮ್ಯಾಚ್ ಇದೆ" ಅನ್ನುತ್ತಾರೆ. ಇರಲಿ, ಮಗುವನ್ನೂ ಎತ್ಕೊಂಡು ಹೋಗಲಿ.

ಇನ್ನೆರಡು ತಿಂಗಳಿಗೆ ಮಗುವಿಗೆ 16 ತುಂಬುತ್ತದೆ. ದಡಾರ-ರುಬೆಲ್ಲಾ ಎರಡನೇ ಡೋಸಿನ ಕಾಲ. ಆ ದಿನ ಚುಚ್ಚುಮದ್ದಿನ ಲೆಕ್ಕ ಇರುವ ತಾಯಿ ಕಾರ್ಡನ್ನು ಜೀಪಿನ ಸೀಟಿನ ಮೇಲಿಟ್ಟು ನೀವು ಬ್ಯಾಂಕಿನ ಬಸ್ಸು ಹತ್ತಿ. ಅಮ್ಮ ಮನೆಯಲ್ಲೇ ಇರಲಿ.